ಅಜ್ಜಿಯ ವಾಕರ್ ಯಾಕೆ ಮೂಲೆ ಸೇರಿತು?

ಅಜ್ಜಿಗೆಂದು ತಂದ ವಾಕರ್ ಮೇಲೆ ಈಗ ಟವೆಲ್ ಒಣಗುತ್ತಿದೆ. ತಾತನ ಹಿಯರಿಂಗ್ ಏಡ್ ಡಬ್ಬಿಯಿಂದ ಆಚೆ ಬಂದೇ ಇಲ್ಲ. ಎಷ್ಟೋ ಮನೆಗಳಲ್ಲಿ ಹೀಗೇ ಅಲ್ವಾ? ‘ಹೇಳಿದ ಮಾತು ಕೇಳಲ್ಲ’ ಅಂತ ಹಿರಿಯರನ್ನೇ ದೂರುತ್ತೇವೆ. ತಪ್ಪು ನಿಜಕ್ಕೂ ಅವರದೇನಾ? ಉತ್ತರಕ್ಕಾಗಿ ಅಮೆರಿಕದ ಇತಿಹಾಸವನ್ನು ಸ್ವಲ್ಪ ನೋಡೋಣ.

1931ರಲ್ಲಿ ಅಲ್ಲಿನ ಸಂಸತ್ತು ಪ್ರಾಟ್-ಸ್ಮೂಟ್ ಕಾಯ್ದೆ ತಂದಿತು. ಕಣ್ಣು ಕಾಣದ ವಯಸ್ಕರಿಗೆ ಪುಸ್ತಕ ಒದಗಿಸಲು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ವರ್ಷಕ್ಕೆ 1 ಲಕ್ಷ ಡಾಲರ್. ಮೊದಲು ಬ್ರೈಲ್ ಪುಸ್ತಕಗಳು ಬಂದವು. 1934ರಲ್ಲಿ ಗ್ರಾಮಾಫೋನ್ ತಟ್ಟೆಯ ‘ಮಾತಾಡುವ ಪುಸ್ತಕ’ ಬಂತು. ಇಳಿವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡು, ಬ್ರೈಲ್ ಕಲಿಯಲಾಗದವರಿಗೆ ಅದು ವರವೇ ಸರಿ. ಆದರೆ ಒಂದು ತೊಡಕಿತ್ತು. ತಟ್ಟೆ ಎರವಲು ಸಿಗುತ್ತಿತ್ತು, ನುಡಿಸುವ ಯಂತ್ರವನ್ನು ಮಾತ್ರ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಮಹಾ ಆರ್ಥಿಕ ಕುಸಿತದ ಕಾಲ, ದುಡ್ಡೆಲ್ಲಿತ್ತು? 1935ರಿಂದ ಸರ್ಕಾರ ಡಬ್ಲ್ಯುಪಿಎ ಎಂಬ ಉದ್ಯೋಗ ಯೋಜನೆಯಡಿ, ನಿರುದ್ಯೋಗಿಗಳ ಕೈಯಲ್ಲೇ ಯಂತ್ರಗಳನ್ನು ಮಾಡಿಸಿತು. ಅವನ್ನೂ ಪುಸ್ತಕದಂತೆ ಎರವಲು ಕೊಟ್ಟಿತು.

ಹಾಗಾದರೆ ಪುಕ್ಕಟೆ ಕೊಟ್ಟುಬಿಟ್ಟರೆ ಮುಗೀತಾ? ಇಲ್ಲ. 1988ರಲ್ಲಿ ಅಂಗವಿಕಲರ ಸಹಾಯಕ ಸಾಧನಗಳಿಗೆಂದೇ ಅಮೆರಿಕ ಒಂದು ಕಾಯ್ದೆ ಮಾಡಿತು. ಐದು ವರ್ಷದ ನಂತರ, 1993ರಲ್ಲಿ, ಫಿಲಿಪ್ಸ್ ಮತ್ತು ಝಾವೊ ಎಂಬ ಸಂಶೋಧಕರ ಅಧ್ಯಯನ ಪ್ರಕಟವಾಯಿತು. ಅವರು 227 ಬಳಕೆದಾರರನ್ನು ವಿಚಾರಿಸಿದ್ದರು. ಶೇ 29.3ರಷ್ಟು ಸಾಧನಗಳು ಮೂಲೆ ಸೇರಿದ್ದವು! ಒಂದು ಮುಖ್ಯ ಕಾರಣ: ಆರಿಸುವಾಗ ಬಳಸುವವರ ಅಭಿಪ್ರಾಯಕ್ಕೆ ಬೆಲೆ ಕೊಟ್ಟಿರಲಿಲ್ಲ. ಇನ್ನೊಂದು ಅಚ್ಚರಿಯದು: ಸಲೀಸಾಗಿ ಕೈಗೆ ಸಿಕ್ಕಿದ್ದನ್ನು ಜನ ಸಲೀಸಾಗಿಯೇ ಬಿಟ್ಟಿದ್ದರು.

2004ರಲ್ಲಿ ಅಮೆರಿಕ ಈ ಕಾನೂನನ್ನು ತಿದ್ದಿದಾಗ, ಸಾಧನಗಳ ಪ್ರಾತ್ಯಕ್ಷಿಕೆ ಮತ್ತು ಎರವಲು ಸೇವೆ ಎರಡೂ ರಾಜ್ಯಗಳ ಕಾರ್ಯಕ್ರಮದ ಭಾಗವಾದವು. ಅಂದರೆ ಮನೆಗೆ ಒಯ್ದು, ನಿಮ್ಮದೇ ಹೊಸ್ತಿಲಲ್ಲಿ, ನಿಮ್ಮದೇ ಬಚ್ಚಲಲ್ಲಿ ಬಳಸಿ ನೋಡಬಹುದು. ಒಗ್ಗದಿದ್ದರೆ ವಾಪಸ್ ಕೊಡಬಹುದು, ಯಾರೂ ಬೈಯೋದಿಲ್ಲ.

ನಮ್ಮಲ್ಲೂ 1981ರಿಂದ ಕೇಂದ್ರದ ಎಡಿಪ್ ಯೋಜನೆ ಇದೆ. ಶಿಬಿರಗಳಲ್ಲಿ ತ್ರಿಚಕ್ರ ಸೈಕಲ್, ಊರುಗೋಲು, ಶ್ರವಣಯಂತ್ರ ಕೊಡುತ್ತಾರೆ. ಎಷ್ಟು ಕೊಟ್ಟೆವು ಎಂಬ ಲೆಕ್ಕದ ಜೊತೆಗೆ, ವರ್ಷದ ನಂತರ ಎಷ್ಟು ಜನ ಬಳಸುತ್ತಿದ್ದಾರೆ ಎಂಬ ಲೆಕ್ಕವೂ ಬೇಕು.

ಮನೆಯಲ್ಲಿ ನಾವೂ ಒಂದು ಕೆಲಸ ಮಾಡಬಹುದು. ಮುಂದಿನ ಸಲ ವಾಕರ್ ತರೋ ಮುಂಚೆ ಯಾರದ್ದಾದರೂ ಎರವಲು ತಂದು, ನಾಲ್ಕು ದಿನ ಅಜ್ಜಿಗೆ ಕೊಟ್ಟು ನೋಡಿ. ‘ಬೇಡ’ ಅಂದರೆ, ಯಾಕೆ ಅಂತ ಕೇಳಿ.