ಹಿಮಕುಸಿತ (ಸ್ನೋಮೊಬೈಲ್ ಸವಾರಿಯಲ್ಲಿ)

ಇಳಿಜಾರಿನಲ್ಲಿ ಪದರಪದರವಾಗಿ ಕೂತ ಹಿಮ ತಳದ ಹಿಡಿತ ತಪ್ಪಿ ಒಮ್ಮೆಲೇ ಜಾರುವುದೇ ಹಿಮಕುಸಿತ. ಕನ್ನಡ ಪತ್ರಿಕೆಗಳು ಇದನ್ನು ಹಿಮಪಾತ ಎನ್ನುವುದುಂಟು; ಅದು ಆಕಾಶದಿಂದ ಬೀಳುವ ಹಿಮ, ಬೇರೆ ಸಂಗತಿ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಅಪಾಯ ಹೆಚ್ಚು. ಹಿಮದ ಮೇಲೆ ಓಡುವ ಗಾಡಿಯಾದ ಸ್ನೋಮೊಬೈಲ್‌ನ ಸವಾರರು, ಯಾರ ಗಾಡಿಯ ಗುರುತು ಹೆಚ್ಚು ಎತ್ತರದಲ್ಲಿ ಮೂಡುತ್ತದೆ ಎಂಬ ಪೈಪೋಟಿಯಲ್ಲಿ, ಏರುವುದು ಇಂಥ ಇಳಿಜಾರನ್ನೇ. ಯಂತ್ರದ ಭಾರಕ್ಕೆ ಕೆಳಗಿನ ಸಡಿಲ ಪದರ ಮುರಿಯುತ್ತದೆ. ಸಿಕ್ಕಿಬಿದ್ದವನ ನೆರವಿಗೆ ಇನ್ನೊಬ್ಬ ಏರಿದರೆ ಹೂತುಹೋಗುವವರು ಇಬ್ಬರಾಗಬಹುದು.

ರಕ್ಷಣೆ ಮೂಲತಃ ಜೊತೆಗಾರರ ಕೆಲಸ. ಹೂತುಹೋದವನ ಉಸಿರಿನ ಬಿಸಿಗೆ ಮುಖದ ಮುಂದಿನ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ, ಗಾಳಿಯಾಡದ ಮುಖವಾಡವಾಗುತ್ತದೆ. ಸುಮಾರು 15 ನಿಮಿಷದೊಳಗೆ ತೆಗೆದರೆ ಬಹುಪಾಲು ಜನ ಬದುಕುತ್ತಾರೆ. 35 ನಿಮಿಷ ಕಳೆದರೆ ಮೂವರಲ್ಲಿ ಒಬ್ಬ ಉಳಿದರೆ ಹೆಚ್ಚು. ಹೆಲಿಕಾಪ್ಟರ್ ಅಷ್ಟರಲ್ಲಿ ಬರುವುದು ಅಪರೂಪ. ಆದ್ದರಿಂದ 457 ಕಿಲೋಹರ್ಟ್ಸ್ ಸಂಕೇತ ಕಳಿಸುವ ಬೀಕನ್, ಚುಚ್ಚಿ ನೋಡುವ ಉದ್ದನೆಯ ಸಲಾಕೆ, ಸಲಿಕೆ ಈ ಮೂರೂ ಪ್ರತಿಯೊಬ್ಬನ ಮೈಮೇಲೆ ಇರಬೇಕು. ಗಾಡಿಗೆ ಕಟ್ಟಿದ್ದು ಗಾಡಿಯೊಂದಿಗೇ ಹೂತುಹೋಗುತ್ತದೆ.

ಈ ನಿಮಿಷಗಳ ಲೆಕ್ಕಕ್ಕೆ ಆಕ್ಷೇಪವಾಗಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಪ್ರಕರಣವನ್ನು ಮುಂದಿಡಬಹುದು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮಗೋಡೆ ಕುಸಿಯಿತು. ನಾಯಿಗಳು ಮತ್ತು ರಡಾರ್ ನೆರವಿನಿಂದ 8ರಂದು ಅವರು ಜೀವಂತ ಸಿಕ್ಕರು. ಆದರೆ ಅವರಿದ್ದದ್ದು ಡೇರೆಯಲ್ಲಿ. ಅದರೊಳಗೆ ಉಳಿದ ಗಾಳಿ ಕಾಪಾಡಿತೆಂದು ಭಾವಿಸಲಾಗಿದೆ. ಬಯಲಲ್ಲಿ ಸಿಲುಕಿದ ಸವಾರನಿಗೆ ಆ ಆಸರೆಯಿಲ್ಲ. ಕೊಪ್ಪದ ಅವರು ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಜೊತೆಗಿದ್ದ ಒಂಬತ್ತು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.