ಪೆಟ್ಟಿಗೆಯೊಳಗಿನ ಷಡ್ಜ

ಸಕಲೇಶಪುರ, ಆಲೂರಿನ ಕಡೆ ಮಳೆಗಾಲ ಬಂತೆಂದರೆ ತಂಬೂರಿಗೆ ಕಷ್ಟಕಾಲ. ತೇವ ಕುಡಿದ ಮರ ಉಬ್ಬುತ್ತದೆ, ಬಿರಡೆ ಕಚ್ಚಿಕೊಳ್ಳುತ್ತದೆ, ಸರಿಮಾಡಿದ ಶ್ರುತಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಘಟ್ಟದ ರಸ್ತೆಯಲ್ಲಿ ಅದರ ಬುರುಡೆಯನ್ನು ಕಾಪಾಡಿಕೊಂಡು ಹೋಗುವುದು ಇನ್ನೊಂದು ಪಾಡು. ಇಂಥ ಊರುಗಳಿಗೆ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ವರವಾಗಿ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಸಿಂಥಸೈಜರ್ ಎಂದೊಡನೆ ನಮಗೆ ನೆನಪಾಗುವುದು ಸಿನಿಮಾ ಸಂಗೀತದ ಕೀಬೋರ್ಡ್. ಆದರೆ ತಂತಿಯಿಲ್ಲದೆ, ಗಾಳಿಯಿಲ್ಲದೆ, ಬರೀ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಈ ಶ್ರುತಿ ಪೆಟ್ಟಿಗೆಯೂ ಅದೇ ಕುಲದ್ದು. ಕುಲಮೂಲ ಹುಡುಕಿದರೆ ಮೊದಲ ಮಹಾಯುದ್ಧದ ಕಾಲದ ಫ್ರಾನ್ಸ್ ಸಿಗುತ್ತದೆ. ಅಬ್ರಹಾಂ ಮತ್ತು ಬ್ಲಾಕ್ ಎಂಬ ಇಬ್ಬರು ಭೌತವಿಜ್ಞಾನಿಗಳು ಎರಡು ವಾಲ್ವ್‌ಗಳನ್ನು ಒಂದಕ್ಕೊಂದು ಜೋಡಿಸಿ, ಒಂದು ಆರಿದಾಗ ಮತ್ತೊಂದು ಹೊತ್ತಿಕೊಳ್ಳುವಂತೆ ಮಾಡಿದರು. ಅದರಿಂದ ಹೊರಟ ಕಂಪನದಲ್ಲಿ ಉಪಸ್ವರಗಳು ತುಂಬಿದ್ದುದರಿಂದ ಅದಕ್ಕೆ ‘ಮಲ್ಟಿವೈಬ್ರೇಟರ್’ ಎಂದು ಹೆಸರಿಟ್ಟರು. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ತಮ್ಮ ಸಿಂಥಸೈಜರನ್ನು ಸಂಗೀತಗಾರರ ಮುಂದಿಟ್ಟರು. ಅಂಥದೊಂದು ಯಂತ್ರ 1969ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದಿತ್ತು. ಆದರೆ ಅದು ಸಂಸ್ಥೆಯೊಂದರ ಸೊತ್ತು, ಮನೆಮನೆಯ ಮಾತಲ್ಲ.

ಮನೆಯ ಮಾತಾದದ್ದು 555 ಎಂಬ ಎಂಟು ಕಾಲಿನ ಚಿಪ್‌ನಿಂದ. ಹ್ಯಾನ್ಸ್ ಕ್ಯಾಮೆನ್‌ಜಿಂಡ್ ಅದನ್ನು ಸಿಗ್ನೆಟಿಕ್ಸ್ ಕಂಪನಿಗಾಗಿ ರೂಪಿಸಿದ್ದು 1971ರಲ್ಲಿ. ಮಾರುಕಟ್ಟೆಗೆ ಬಂದದ್ದು ಮರುವರ್ಷ. ಅದರ ಕೆಲಸ ತೋಟದ ನೀರಿನ ತೊಟ್ಟಿಯಂತೆ. ರೆಸಿಸ್ಟರ್ ಎಂಬ ಸಣ್ಣ ಕೊಳವೆಯ ಮೂಲಕ ಕೆಪಾಸಿಟರ್ ಎಂಬ ತೊಟ್ಟಿ ಮೂರನೇ ಎರಡು ಭಾಗ ತುಂಬಿದಾಗ ತೂಬು ತೆರೆಯುತ್ತದೆ. ಮೂರನೇ ಒಂದು ಭಾಗಕ್ಕೆ ಇಳಿದಾಗ ಮುಚ್ಚುತ್ತದೆ. ಈ ತುಂಬುವಿಕೆ, ಬರಿದಾಗುವಿಕೆ ಸೆಕೆಂಡಿಗೆ ನೂರಾರು ಸಲ ನಡೆದರೆ ಸ್ಪೀಕರಿನಲ್ಲಿ ಸ್ವರ ಕೇಳುತ್ತದೆ. ಅಳತೆಗಳೆಲ್ಲ ಬ್ಯಾಟರಿಯ ಭಾಗಲೆಕ್ಕದಲ್ಲೇ ಇರುವುದರಿಂದ ಬ್ಯಾಟರಿ ಸ್ವಲ್ಪ ಸೊರಗಿದರೂ ಶ್ರುತಿ ಅಷ್ಟಾಗಿ ಕದಲುವುದಿಲ್ಲ. ಕರೆಂಟು ಕೈಕೊಡುವ ಮಲೆನಾಡಿಗೆ ಇದು ಸಣ್ಣ ಅನುಕೂಲವೇನಲ್ಲ.

1 ಕಿಲೋ ಓಮ್, 47 ಕಿಲೋ ಓಮ್‌ಗಳ ಎರಡು ರೆಸಿಸ್ಟರ್, 0.1 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್, 9 ವೋಲ್ಟಿನ ಬ್ಯಾಟರಿ ಇದ್ದರೆ ಸೆಕೆಂಡಿಗೆ ಸುಮಾರು 150 ಕಂಪನಗಳ ಸ್ವರ ಸಿಗುತ್ತದೆ. ಅಂದರೆ ಹಾರ್ಮೋನಿಯಂನ ಬಿಳಿ ಎರಡರ ಆಸುಪಾಸು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವೆಲ್ಲ ಪುಡಿಗಾಸಿನ ಸಾಮಾನು.

ತೊಡಕು ಇಲ್ಲಿಂದ ಮುಂದೆ. ಷಡ್ಜಕ್ಕೆ ಪಂಚಮ ಸೇರಬೇಕಾದರೆ ಅದರ ಒಂದೂವರೆಪಟ್ಟು, ಸುಮಾರು 227 ಕಂಪನ ಬೇಕು. 47ರ ಬದಲು ಅಂಗಡಿಯಲ್ಲಿ ಸಿಗುವ 33 ಕಿಲೋ ಓಮ್ ಹಾಕಿದರೆ 215ರಲ್ಲೇ ನಿಲ್ಲುತ್ತದೆ. ಅದು ಪಂಚಮವಲ್ಲ, ಹತ್ತಿರಹತ್ತಿರ ಪ್ರತಿ ಮಧ್ಯಮ! ಸಾಲದೆಂಬಂತೆ, ಚಿನ್ನದ ಬಣ್ಣದ ಪಟ್ಟಿಯ ರೆಸಿಸ್ಟರಿಗೆ ಶೇಕಡಾ 5ರ ವ್ಯತ್ಯಾಸ ಮಾಫಿ. ರೇಡಿಯೋ ರಿಪೇರಿಗೆ ಅದು ಲೆಕ್ಕಕ್ಕೇ ಇಲ್ಲ. ಸಂಗೀತದಲ್ಲಿ ಶೇಕಡಾ 6 ಎಂದರೆ ಒಂದು ಇಡೀ ಸ್ವರಸ್ಥಾನ. ಅಗ್ಗದ ಸೆರಾಮಿಕ್ ಕೆಪಾಸಿಟರು ಚಳಿ, ಸೆಕೆಗೆ ತಾನೂ ಬದಲಾಗುತ್ತದೆ. ಪಾಲಿಯೆಸ್ಟರಿನದು ಅದಕ್ಕಿಂತ ವಾಸಿ. ಕೊನೆಗೂ ಪ್ರಿಸೆಟ್ ಒಂದನ್ನು ಸೇರಿಸಿ, ಕಿವಿಗೊಟ್ಟು, ತಿರುಪು ತಿರುಗಿಸಲೇಬೇಕು. ಬಿರಡೆ ಹೋಯಿತು, ತಿರುಪು ಬಂತು.

1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. ಎರಡೂ ಒಬ್ಬರಲ್ಲೇ ಸೇರಿದ್ದು ಕಾಕತಾಳೀಯವಲ್ಲವೆಂದು ತೋರುತ್ತದೆ. ಏಕೆಂದರೆ ಒಂದೇ ಸಮನೆ ಗುಂಯ್‌ಗುಡುವ ಶ್ರುತಿಯನ್ನು ಸರ್ಕ್ಯೂಟು ಬಲ್ಲವರು ಯಾರಾದರೂ ಮಾಡಿಯಾರು. ತಂಬೂರಿಯ ನಾದ ಹಾಗಲ್ಲ. ಕುದುರೆಗೂ ತಂತಿಗೂ ನಡುವೆ ಸಿಕ್ಕಿಸಿದ ನೂಲಿನ ಎಳೆಯಿಂದ ಜೀವಾಳ ಹೊಮ್ಮುತ್ತದೆ. ಉಪಸ್ವರಗಳು ಒಂದರ ಹಿಂದೊಂದು ಅರಳಿ ಆರುತ್ತವೆ. 555ರ ಚೌಕಾಕಾರದ ಅಲೆಯಲ್ಲಿ ಈ ಅರಳುವಿಕೆ ಇಲ್ಲ. ಮೀಟುವ ಕ್ರಮ, ಪ್ರತಿ ತಂತಿಯೂ ಕ್ಷೀಣಿಸುವ ರೀತಿ ಎಲ್ಲವನ್ನೂ ಬೇರೆಯಾಗಿ ಕಟ್ಟಬೇಕು. ಹಳೆಯ ವಿದ್ವಾಂಸರು ಪೆಟ್ಟಿಗೆಯನ್ನು ಕಂಡು ಮೂಗು ಮುರಿದರೆ ಅದು ಬರೀ ಹಟವಲ್ಲ.

ಯಕ್ಷಗಾನದಲ್ಲಿ ಬದಲಾವಣೆ ಇನ್ನೂ ಸ್ಪಷ್ಟ. ಭಾಗವತರ ಶ್ರುತಿಗೆ ಹಿಂದೆ ಬುರುಡೆಯ ಪುಂಗಿ ಇತ್ತು, ಆಮೇಲೆ ಹಾರ್ಮೋನಿಯಂ ಬಂತು, ಈಗ ಪೆಟ್ಟಿಗೆ. ಪುಂಗಿ ಊದುವವನಿಗೆ ಉಸಿರು ಬೇಕಿತ್ತು, ಹಾರ್ಮೋನಿಯಂಗೆ ತಿದಿಯೊತ್ತುವ ಕೈ ಬೇಕಿತ್ತು. ರಾತ್ರಿಯಿಡೀ ನಿದ್ದೆಗೆಟ್ಟು ಶ್ರುತಿ ಹಿಡಿದು ಕೂರುತ್ತಿದ್ದ ಆ ಮನುಷ್ಯ, ಆಟ ಕೇಳುತ್ತ ಕೇಳುತ್ತಲೇ ಪದಗಳನ್ನು ಬಾಯಿಪಾಠ ಮಾಡಿಕೊಳ್ಳಲು ಅವಕಾಶವಿದ್ದವನು, ರಂಗದಿಂದ ಎದ್ದುಹೋದ. ಲಾಭದ ಲೆಕ್ಕ ಹಾಕುವಾಗ ಇವನನ್ನು ಯಾರೂ ಎಣಿಸಿದಂತಿಲ್ಲ.

ಈಗ ಪೆಟ್ಟಿಗೆಯ ಸ್ಥಾನಕ್ಕೂ ಮೊಬೈಲ್ ಬಂದಿದೆ. ನಿಜವಾದ ತಂಬೂರಿಯ ಧ್ವನಿಮುದ್ರಣವೇ ಅದರಲ್ಲಿ ಸುತ್ತುತ್ತಿರುತ್ತದೆ, ತಿರುಪೂ ಬೇಡ. ಆದರೆ 555 ಚಿಪ್‌ನ ತಯಾರಿಕೆ ನಿಂತಿಲ್ಲ. ಎಸ್.ಪಿ. ರಸ್ತೆಯಲ್ಲಿ ಇಂದಿಗೂ ಕೆಲವೇ ರೂಪಾಯಿಗೆ ಸಿಗುತ್ತದೆ.