ಕುಮ್ಕಿ ಗೆರೆಯ ಒಳಗೆ, ಹೊರಗೆ: ಕಾಸರಗೋಡಿನ ಗುಡ್ಡಗಳಿಗೆ ಕಟ್ಟಿದ ಬೆಲೆ

ನಿಸರ್ಗ ಮಾಡಿಕೊಡುವ ಕೆಲಸವನ್ನು ನಕ್ಷೆಯಲ್ಲಿ ಗುರುತಿಸುವುದು, ಅದಕ್ಕೆ ಬೆಲೆ ಕಟ್ಟುವುದು ಇತ್ತೀಚಿನ ವಿದ್ಯೆ ಅಂತ ಸಾಮಾನ್ಯವಾಗಿ ಹೇಳ್ತಾರೆ. 1997ರಲ್ಲಿ ರಾಬರ್ಟ್ ಕಾಸ್ಟಾಂಜಾ ಮತ್ತು ಸಂಗಡಿಗರು ಇಡೀ ಭೂಮಿಯ ಇಂಥ ಸೇವೆಗಳಿಗೆ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಎಂದು ಲೆಕ್ಕ ಹಾಕಿದರು. 2005ರ ಸಹಸ್ರಮಾನ ಪರಿಸರ ಮೌಲ್ಯಮಾಪನವು ಆ ಸೇವೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿತು. ಆದರೆ ನಮ್ಮ ಕಾಸರಗೋಡಿನಲ್ಲಿ ಇದಕ್ಕಿಂತ ಬಹಳ ಹಳೆಯ ಒಂದು ಅಳತೆ ಉಂಟು. ಅದು ಕುಮ್ಕಿ.

1799ರಲ್ಲಿ ಕೆನರಾ ಕಂಪನಿಯ ಕೈಸೇರಿತು. ಕಾಸರಗೋಡು ಮುಂದೆ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ 1956ರವರೆಗೂ ಇತ್ತು. ಇಲ್ಲಿ ತೀರ್ವೆ ಕಟ್ಟುವ ಹಿಡುವಳಿಗೆ ವರ್ಗ ಅಂತ ಹೆಸರು. ವರ್ಗದ ಗಡಿಯಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ವರ್ಗದಾರನು ಸೊಪ್ಪು ಕಡಿಯಬಹುದು, ಸೌದೆ ತರಬಹುದು, ದನ ಮೇಯಿಸಬಹುದು. ಅದೇ ಕುಮ್ಕಿ. ಜಾಗ ಸರಕಾರದ್ದು, ವರ್ಗದಾರನಿಗೆ ಇದ್ದದ್ದು ಸವಲತ್ತು ಮಾತ್ರ.

ಇದರ ಹಿಂದಿನ ಲೆಕ್ಕಾಚಾರ ನೋಡಿ. ಗುಡ್ಡದ ಸೊಪ್ಪು ಹಟ್ಟಿಗೆ ಬರ್ತದೆ, ದನದ ಕಾಲಡಿ ಗೊಬ್ಬರ ಆಗ್ತದೆ, ಆ ಗೊಬ್ಬರ ಗದ್ದೆಗೂ ಅಡಿಕೆ ತೋಟಕ್ಕೂ ಹೋಗ್ತದೆ. ಗುಡ್ಡ ಇಲ್ಲದಿದ್ದರೆ ಗದ್ದೆ ಇಲ್ಲ, ಗದ್ದೆ ಇಲ್ಲದಿದ್ದರೆ ತೀರ್ವೆಯೂ ಇಲ್ಲ. ಬೇಸಾಯ ಮಾಡದ ನೆಲವು ಬೇಸಾಯದ ನೆಲಕ್ಕೆ ಮಾಡುವ ಉಪಕಾರವನ್ನು ಕಂದಾಯ ವ್ಯವಸ್ಥೆ ಇಲ್ಲಿ ಒಪ್ಪಿಕೊಂಡಿತು. ಅದನ್ನು ರೂಪಾಯಿಯಲ್ಲಿ ಅಳೆಯದೆ ದೂರದಲ್ಲಿ ಅಳೆಯಿತು. ನನ್ನ ಮಟ್ಟಿಗೆ ಇದೊಂದು ಸೇವಾನಕ್ಷೆಯೇ.

ಆದರೆ ಈ ನಕ್ಷೆಯ ಗೆರೆ ಎಲ್ಲಿಂದ ಶುರುವಾಗ್ತದೆ? ವರ್ಗದಾರನ ಬೇಲಿಯಿಂದ. ಬೇಲಿಯೇ ಇಲ್ಲದವರಿಗೆ 100 ಗಜವೂ ಇಲ್ಲ. ಕೊರಗರು ಬುಟ್ಟಿ ಹೆಣೆಯುವ ಬಳ್ಳಿ ಅದೇ ಗುಡ್ಡ, ಕಾಡುಗಳಿಂದ ಬರ್ತಿತ್ತು. ಅದಕ್ಕೆ ಈ ಲೆಕ್ಕದಲ್ಲಿ ಜಾಗ ಸಿಗಲಿಲ್ಲ. ಕಾಡು ಸವರಿ, ಸುಟ್ಟು, ಬಿತ್ತುವ ಕುಮ್ರಿ ಬೇಸಾಯಕ್ಕೆ 1860ರಲ್ಲಿ ಮದ್ರಾಸ್ ಸರಕಾರ ತಡೆ ಹಾಕಿತು. 1882ರ ಅರಣ್ಯ ಕಾಯ್ದೆ ಬಂದ ಮೇಲೆ ಕಾಯ್ದಿಟ್ಟ ಕಾಡಿನ ಗಡಿಗಳು ಇನ್ನಷ್ಟು ಬಿಗಿಯಾದವು. ಹಾಗಾಗಿ ಗುಡ್ಡಕ್ಕೆ ಎರಡು ಬೆಲೆಗಳು ಮಾತ್ರ ಉಳಿದವು. ಸರಕಾರಕ್ಕೆ ಮರ, ವರ್ಗದಾರನಿಗೆ ಸೊಪ್ಪು.

ಗೆರೆಯ ಹೊರಗೆ ಉಳಿದ ಇನ್ನೊಂದು ಸಂಗತಿ ನೀರು. ಎಣ್ಮಕಜೆ, ಬಾಯಾರು ಕಡೆಯ ತೋಟಗಳಿಗೆ ನೀರು ಬರುವುದು ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಗಳಿಂದ. ಪಂಪು ಬೇಡ, ನೀರು ತಾನಾಗಿಯೇ ಹರಿದು ಬರ್ತದೆ. ಆದರೆ ಆ ನೀರು ಇಂಗುವುದು ಮೇಲಿನ ಗುಡ್ಡದಲ್ಲಿ, ಪದವಿನಲ್ಲಿ. ಅದು ತೋಟದ ಬೇಲಿಯಿಂದ 100 ಗಜದೊಳಗೆ ಇರಲೇಬೇಕೆಂದೇನೂ ಇಲ್ಲ. ಬೇಸಗೆಯಲ್ಲಿ ಪದವು ಬೋಳಾಗಿ ಕಾಣ್ತದೆ. ಹಾಗಾಗಿ ಕಾಗದದಲ್ಲಿ ಅದು ಬಂಜರು, ಪುರಂಬೋಕು. ಇವತ್ತು ಕಲ್ಲಿನ ಕೋರೆಗೂ ಸೌರ ಫಲಕಗಳಿಗೂ ಜಾಗ ಹುಡುಕುವಾಗ ಮೊದಲು ಕಣ್ಣಿಗೆ ಬೀಳುವುದು ಇದೇ ಬಂಜರು. ಸೌರವಿದ್ಯುತ್ ಬೇಡ ಅಂತ ನನ್ನ ವಾದವಲ್ಲ. ಪದವು ಈಗಾಗಲೇ ಮಾಡ್ತಿರುವ ಕೆಲಸವನ್ನು ಸೊನ್ನೆ ಅಂತ ಹಿಡಿದು ಲೆಕ್ಕ ಶುರು ಮಾಡಬಾರದು, ಅಷ್ಟೆ.

ಭಾಷೆಯ ಮಾತು ಇಲ್ಲಿಯೇ ಬರ್ತದೆ. ನಮ್ಮ ಹಿರಿಯರು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಅಂತ ಮೂರು ಮಾಡಿದ್ದರು. ಬೈಲಿನಲ್ಲಿ ನೀರು ಧಾರಾಳ, ಮಜಲಿನಲ್ಲಿ ಮಧ್ಯಮ, ಬೆಟ್ಟು ಮಳೆಯನ್ನೇ ನಂಬಿದ್ದು. ಹೆಸರು ಹೇಳಿದರೆ ಸಾಕು, ನೀರಿನ ನಕ್ಷೆ ಸಿಕ್ಕಿತು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅಲ್ಲಿನ ಕಂದಾಯ ಪುಸ್ತಕದಲ್ಲಿ ಮುಖ್ಯವಾಗಿ ಕಾಣುವ ವಿಂಗಡಣೆ ನಿಲಂ, ಪುರಯಿಡಂ, ಅಂದರೆ ಗದ್ದೆ ಮತ್ತು ಹಿತ್ತಿಲು. ಇದರಲ್ಲಿ ಮಲಯಾಳದ ತಪ್ಪೇನೂ ಇಲ್ಲ. ಎರಡು ಕಾಲಂನ ಪುಸ್ತಕದಲ್ಲಿ ಮೂರು ಹೆಸರು ಹಿಡಿಸುವುದಿಲ್ಲ. ಗಡಿಯ ಆಚೆ, ಕರ್ನಾಟಕದಲ್ಲಿ, 1964ರ ಭೂಕಂದಾಯ ಕಾಯ್ದೆಯ 79ನೇ ಕಲಮು ಕುಮ್ಕಿಯನ್ನು ಹೆಸರು ಹಿಡಿದು ಉಳಿಸಿಕೊಂಡಿದೆ. ಅಲ್ಲಿಯೂ ಅದು ಉಳಿದದ್ದು ವರ್ಗದಾರನ ಸವಲತ್ತಾಗಿಯೇ.

ಹಾಗಾದರೆ ನಾವು ಏನು ಮಾಡಬಹುದು? ಉಪಗ್ರಹ ಚಿತ್ರದಿಂದ ತಯಾರಾದ ಭೂಬಳಕೆ ನಕ್ಷೆ ಬಣ್ಣಗಳನ್ನು ಮಾತ್ರ ಕೊಡ್ತದೆ. ಯಾವ ಪದವಿನ ನೀರು ಯಾವ ಸುರಂಗಕ್ಕೆ, ಯಾವ ಗುಡ್ಡದ ಬಳ್ಳಿ ಯಾರ ಕೈಗೆ ಅನ್ನುವುದನ್ನು ಅದು ಹೇಳುವುದಿಲ್ಲ. ಅದನ್ನು ಹಳೆಯ ಕನ್ನಡ ಕಾಗದಪತ್ರ ಓದಬಲ್ಲವರು, ಸುರಂಗ ಕೊರೆದವರು, ಬುಟ್ಟಿ ಹೆಣೆಯುವವರು ಒಟ್ಟಿಗೆ ಕೂತು ಗುರುತಿಸಬೇಕು. ನಮ್ಮ ವಿಭಾಗದವರು ಒಂದೇ ಒಂದು ಪಂಚಾಯತಿನಲ್ಲಿ ಇದನ್ನು ಮಾಡಿ ನೋಡಬಹುದು ಅಂತ ನನ್ನ ಸಲಹೆ. ಬೆಲೆ ಕಟ್ಟುವುದು ಆಮೇಲಿನ ಮಾತು. ಅದಕ್ಕೂ ಮೊದಲು, ಗೆರೆಯನ್ನು ಯಾರ ಬೇಲಿಯಿಂದ ಎಳೆಯುತ್ತಿದ್ದೇವೆ ಎಂಬುದನ್ನು ತೀರ್ಮಾನಿಸಬೇಕು. ಚರ್ಚೆಯಲ್ಲಿ ನಿಮ್ಮ ಅಭಿಪ್ರಾಯ ಕೇಳಲು ಕಾದಿದ್ದೇನೆ.